ಲಖ್ದರ್ ಮೇಷ್ಟ್ರ ಸಿಟ್ಟು

ಒರಾನ್ ಪಟ್ಟಣದ ಬಂದರು ಬೀದಿಯ ಕಾಫಿ ಅಂಗಡಿಯಲ್ಲಿ ನಿವೃತ್ತ ಲಖ್ದರ್ ಮೇಷ್ಟ್ರು ಪಂದ್ಯ ನೋಡುತ್ತ ಟಿವಿಗೆ ಬೈಯದ ಶುಕ್ರವಾರವಿಲ್ಲ. ಊರ ಫುಟ್‌ಬಾಲ್ ಕ್ಲಬ್ಬಿಗೆ ಹೊಸದಾಗಿ ಬಂದ ಮಿಡ್‌ಫೀಲ್ಡರ್ ಮಬ್ರೂಕ್ ಚೆಂಡನ್ನು ಹಿಂದಕ್ಕೆ ತಳ್ಳಿದರೆ ಸಾಕು, ಕೈಲಿದ್ದ ಡಾಮಿನೊ ಆಟದ ಬಿಲ್ಲೆಯನ್ನು ಮೇಜಿಗೆ ಕುಟ್ಟಿ, "ಗೋಲು ಆ ಕಡೆ ಇದೆಯೋ, ಕತ್ತೆ!" ಎಂದು ಕಿರುಚುತ್ತಾರೆ, ಇದುವರೆಗಿನ ಪಂದ್ಯಗಳಿಗೆಲ್ಲ ಅವನಿಗೆ ಹತ್ತಕ್ಕೆ ಸೊನ್ನೆಯನ್ನೇ ಕೊಟ್ಟಿದ್ದಾರೆ. ಮೊನ್ನೆ ಮಬ್ರೂಕ್ ಮತ್ತೆ ಚೆಂಡು ಕಳೆದುಕೊಂಡಾಗ ಪಕ್ಕದ ಮೇಜಿನ ಕಟುಕ ಜಿಲಾಲಿ, "ಆ ಮರಳುಗಾಡಿನ ಕರಿಯನಿಗೆ ಒಂಟೆ ಕಾಯೋಕೆ ಹೇಳಿ ಮೇಷ್ಟ್ರೇ" ಎಂದು ನಕ್ಕ. ಮೇಷ್ಟ್ರು ಕುರ್ಚಿ ಉರುಳುವಂತೆ ಎದ್ದರು. "ಆಟಕ್ಕೆ ಬೈಯೋ. ಊರಿಗೆ, ಬಣ್ಣಕ್ಕೆ ಬೈದರೆ ಹಲ್ಲು ಉದುರಿಸ್ತೀನಿ!" ಮೇಷ್ಟ್ರೂ ಆ ಮರಳುಗಾಡಿನವರೇ, ಇಲ್ಲಿಗೆ ಬಂದ ಹೊಸದರಲ್ಲಿ ಇಂಥದೇ ಮಾತನ್ನು ತಲೆ ತಗ್ಗಿಸಿ ನುಂಗಿದ್ದರು. ಟಿವಿಯತ್ತ ತಿರುಗಿ ಕೂಗಿದರು: "ಮುಂದಕ್ಕೆ ಆಡೋ ನನ್ನಪ್ಪಾ! ಇವರ ಬಾಯನ್ನ ನಾನೊಬ್ಬನೇ ಎಷ್ಟು ದಿನ ಮುಚ್ಚಿಸಲಿ?"