ಬೆಕ್ಕಿನ ರಾಣಿ ಪ್ರೇಮಲಾ

ಜಹೀರಾಬಾದ್ ಬಸ್‌ಸ್ಟ್ಯಾಂಡಿನ ಎದುರಿಗೆ ಪ್ರೇಮಲಾ ಹೊಲಿಗೆ ಅಂಗಡಿ ತೆರೆದಾಗ ಅತ್ತೆ ಬಂಡಮ್ಮ ವಾರಗಟ್ಟಲೆ ಮಾತು ಬಿಟ್ಟಿದ್ದಳು. ಹತ್ತಿರದ ಹಳ್ಳಿ ಮೊಗುಡಂಪಲ್ಲಿಯ ಒಕ್ಕಲು ಮನೆತನದ ಸೊಸೆ ಬಜಾರಿನಲ್ಲಿ ಕೂತು ಕಂಡವರ ಅಳತೆ ತೆಗೆಯುವುದು ಆಕೆಗೆ ಸರಿಬರಲಿಲ್ಲ. ಪ್ರೇಮಲಾ ಎದುರಾಡಲಿಲ್ಲ, ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಆಟೋ ಹತ್ತುವುದನ್ನೂ ಬಿಡಲಿಲ್ಲ.

ಹೋದ ಫೆಬ್ರವರಿಯಲ್ಲಿ ಡೆನ್ಮಾರ್ಕಿನ ಕಿರ್ಸ್ಟನ್ ಅಂಗಡಿಗೆ ಬಂದಳು. ಗಂಡ ಊರ ಹೊರಗಿನ ಕಾರ್ಖಾನೆಯಲ್ಲಿ ಎಂಜಿನಿಯರ್. ಅವಳ ದೇಶದಲ್ಲಿ ಈಸ್ಟರಿನ ಮುಂಚಿನ ಉಪವಾಸ ಶುರುವಾಗುವ ಮೊದಲು ಫಾಸ್ಟೆಲಾವ್ನ್ ಎಂಬ ಹಬ್ಬವಂತೆ. ಮಕ್ಕಳು ವೇಷ ಹಾಕಿ, ಮಿಠಾಯಿ ತುಂಬಿ ತೂಗಹಾಕಿದ ಮರದ ಪೀಪಾಯಿಯನ್ನು ಬಡಿದು ಒಡೆಯುತ್ತಾರೆ. ಪೀಪಾಯಿಯ ಮೇಲೆ ಬೆಕ್ಕಿನ ಚಿತ್ರವಿರುತ್ತದೆ, ಅದರ ತಳ ಬೀಳಿಸಿದವರಿಗೆ ಬೆಕ್ಕಿನ ರಾಣಿ ಎಂಬ ಬಿರುದು, ಕಿರೀಟ. ಕಾರ್ಖಾನೆಯ ಕಾಲೊನಿಯ ಮನೆಮಂದಿಯನ್ನೆಲ್ಲ ಸೇರಿಸಿ ಈ ಹಬ್ಬ ಮಾಡುವ ಆಸೆ ಅವಳಿಗೆ. ವೇಷಗಳನ್ನು ಹೈದರಾಬಾದಿನಿಂದ ತರಿಸಬೇಕೇ ಎಂಬುದು ಅವಳ ಪ್ರಶ್ನೆ. ಜೊತೆಗೆ ಬಂದಿದ್ದ ಪಕ್ಕದ ಮನೆಯ ರಜನಿ ಇದನ್ನೆಲ್ಲ ಕನ್ನಡದಲ್ಲಿ ತಿಳಿಸಿದಳು.

“ತಯಾರ್ ಡ್ರೆಸ್ ಬ್ಯಾಡ್ರಿ,” ಅಂದಳು ಪ್ರೇಮಲಾ. “ಮನ್ಯಾಗಿನ ಹಳೇ ಸೀರಿ, ಚೀಲ ಕಳಸ್ರಿ. ಏನಾಗ್ಬೇಕಂತ ಮಕ್ಕಳನ್ನೇ ಕೇಳೂಣು.”

ಒಬ್ಬನಿಗೆ ಹುಲಿಯಾಗಬೇಕು, ಒಬ್ಬಳಿಗೆ ಜೋಳದ ತೆನೆಯೇ ಆಗಬೇಕು. ಯಾರದೋ ಅಜ್ಜಿಯ ಇಳಕಲ್ ಸೀರೆ ನವಿಲಾಯಿತು. ಅಂಗಡಿಯಲ್ಲಿ ಮುಗಿಯದ ಕೆಲಸ ಮನೆಗೂ ಬಂತು. ಒಂದು ಸಂಜೆ ಬಂಡಮ್ಮ ತಾನೇ ಬಂದು ಪಕ್ಕದಲ್ಲಿ ಕೂತು ಹುಲಿಯ ಬಾಲಕ್ಕೆ ಹತ್ತಿ ತುಂಬತೊಡಗಿದಳು. ಹಬ್ಬದ ದಿನ ತಾನೂ ಬರುತ್ತೇನೆಂದು ಸೊಸೆಯ ಜೊತೆ ಹೊರಟಳು.

ಕಾಲೊನಿಯ ಬೇವಿನ ಮರಕ್ಕೆ ಪೀಪಾಯಿ ತೂಗಾಡುತ್ತಿತ್ತು, ಮೇಲೊಂದು ಕರಿ ಬೆಕ್ಕಿನ ಚಿತ್ರ. ಅದನ್ನು ಮಾಡಿದ ಬಡಗಿ ಬಕ್ಕಪ್ಪನಿಗೆ ಮುರಿಯುವಂಥದ್ದನ್ನು ಮಾಡಿಯೇ ಗೊತ್ತಿರಲಿಲ್ಲ. ಹುಲಿ ಹೊಡೆಯಿತು, ನವಿಲು ಹೊಡೆಯಿತು. ಒಂದು ಹಲಗೆಯೂ ಜಗ್ಗಲಿಲ್ಲ. ಮಕ್ಕಳ ಮುಖ ಬಾಡಿತು. ಕಿರ್ಸ್ಟನ್ ಕೋಲನ್ನು ತಾಯಂದಿರ ಕಡೆ ಚಾಚಿದಳು. ಎಲ್ಲರೂ ನಾಚಿ ಹಿಂದೆ ಸರಿದರು. ಪ್ರೇಮಲಾಳ ಕಣ್ಣು ಅತ್ತೆಯತ್ತ ಹೋಯಿತು.

“ನನ್ನ ಮಾರಿ ಏನ್ ನೋಡ್ತಿ?” ಬಂಡಮ್ಮ ಕುರ್ಚಿ ಬಿಟ್ಟು ಎದ್ದೇಬಿಟ್ಟಳು. “ಹೊಡಿ ಪ್ರೇಮಾ! ಎರಡೂ ಕೈಲಿಂದ ಹೊಡಿ!”

ಪ್ರೇಮಲಾ ಸೆರಗು ಸಿಕ್ಕಿಸಿ, ಕೋಲು ಇಸಿದುಕೊಂಡು ಬೀಸಿದಳು. ಹಲಗೆ ಬಿರಿಯಿತು. ಮತ್ತೆ ಬೀಸಿದಳು. ತಳ ಕಳಚಿ ಚಾಕೊಲೇಟು, ಶೇಂಗಾ ಉಂಡಿ ಸುರಿದವು. ಮಕ್ಕಳು ಕೇಕೆ ಹಾಕಿ ಮುಗಿಬಿದ್ದರು. ಕಿರ್ಸ್ಟನ್ ಬಂಗಾರ ಬಣ್ಣದ ಕಿರೀಟ ತಂದು ಅವಳ ತಲೆಗಿಟ್ಟಳು.

ಊರಿಗೆ ಮರಳುವ ಆಟೋದಲ್ಲಿ ಪ್ರೇಮಲಾ ಕಿರೀಟ ತೆಗೆಯಹೋದರೆ ಬಂಡಮ್ಮ ಕೈ ಹಿಡಿದಳು. “ಇರ್ಲಿ.” ಎದುರು ಕೂತವರು ಏನಿದು ಎಂದು ಕೇಳುವುದನ್ನೇ ಆಕೆ ಕಾಯುತ್ತಿದ್ದಳು.

“ಅಷ್ಟೂ ಮಕ್ಕಳ ವೇಷ ಹೊಲ್ದಾಕೀನೂ ನಮ್ ಸೊಸಿ, ಯಾರಿಗೂ ಜಗ್ಗದ ಪೀಪಾಯಿ ಒಡ್ದಾಕೀನೂ ನಮ್ ಸೊಸಿ! ಬಸ್‌ಸ್ಟ್ಯಾಂಡ್ ಎದುರಿಗೇ ಅಂಗಡಿ ಅದ, ಬರ್ರಿ.”

ಪ್ರೇಮಲಾ ಕಿರೀಟ ಸರಿಮಾಡಿಕೊಂಡು ನೆಟ್ಟಗೆ ಕೂತಳು.