ಕೂತೇ ಸವಾರಿ ಹೊರಟ ಗಾಯಾಳು

ನಾವು ನಾಲ್ವರು ಸ್ಟ್ರೆಚರನ್ನು ಹೆಗಲಿಗೇರಿಸಿದ್ದೇ ತಡ, ಸಿದ್ದಮ್ಮ ದಾರಿಗೆ ಅಡ್ಡ ನಿಂತಳು. ಮೇಲೆ ಮಲಗಿದ್ದವನು ಅವಳ ಗಂಡ ಜವರಣ್ಣ. ಆಗ ಯುದ್ಧದ ಕಾಲ. ಮಂಡ್ಯದ ನಮ್ಮ ಬೆಂಕಿ ಆರಿಸುವ ದಳದ ಕವಾಯತಿನಲ್ಲಿ ಅಂದು ಗಾಯಾಳುವಿನ ವೇಷ ಅವನದು.

"ಜೀವ ಇರೋ ಗಂಡನ್ನ ಹೆಣದಂಗೆ ಹೊತ್ಕೊಂಡೋಯ್ತೀರಾ? ಇಳಿಸ್ರಲಾ ಕೆಳಕ್ಕೆ!"

ಕವಾಯತು ನೋಡಲು ಬಂದಿದ್ದ ಸಾಹೇಬರು ನಕ್ಕರು. "ಇದು ಬರೀ ಅಭ್ಯಾಸ ಕಣಮ್ಮ."

"ಅಂಗಾರೆ ನೀವೇ ಮಲೀಕೊಳ್ಳಿ ಸ್ವಾಮಿ!"

ಸಾಹೇಬರು ಸ್ಟ್ರೆಚರನ್ನೊಮ್ಮೆ ನೋಡಿ, ಮೆಲ್ಲಗೆ ಹಿಂದೆ ಸರಿದು, "ಕೂತ್ಕೊಂಡೇ ಹೋಗಲಿ ಬಿಡ್ರಪ್ಪ" ಎಂದರು. ಜವರಣ್ಣ ಮದುವೆ ಗಂಡಿನಂತೆ ಕೂತು ಪೇಟೆಬೀದಿಯೆಲ್ಲ ಮೆರೆದ.

ಅಂದಿನಿಂದ ನಮ್ಮ ಗಾಯಾಳುಗಳೆಲ್ಲ ಕೂತೇ ಹೊರಟರು. ಕೂತವರನ್ನು ಬೀಳಿಸದೆ ಹೊತ್ತೂ ಹೊತ್ತೂ ಹೆಗಲು ಎಷ್ಟು ಪಳಗಿತೆಂದರೆ, ಮುಂದೆ ನಿಜವಾದ ಬೆಂಕಿಯಿಂದ ಜನರನ್ನು ಹೊತ್ತು ತರುವಾಗ ನಮಗದು ಭಾರವೆನಿಸಲೇ ಇಲ್ಲ.