ಶೇಂಗಾ ಎಣ್ಣೆಯ ಬ್ರೇಕು

ಎರಡನೇ ಮಹಾಯುದ್ಧ ಮುಗಿದ ಮೇಲೆ ಸಿರುಗುಪ್ಪದ ಎಣ್ಣೆ ಗಿರಣಿಯ ಸಾಹುಕಾರರು ಮಿಲಿಟರಿಯವರು ಮಾರಿದ ಹಳೆಯ ಪಿಕಪ್ ಕೊಂಡರು. ನಾನು ಅದರ ಡ್ರೈವರ್. ಒಂದು ಬೆಳಿಗ್ಗೆ ಹಿಂದಿನ ಚಕ್ರದ ಒಳಬದಿ ಒದ್ದೆಯಾಗಿತ್ತು. ಚಕ್ರದ ಬ್ರೇಕ್ ಡ್ರಮ್ ಬಿಚ್ಚಿದರೆ ಮಿರ್ಚಿ ಬಜ್ಜಿ ಕರಿದ ವಾಸನೆ! ಬ್ರೇಕ್ ಎಣ್ಣೆ ತೀರಿದ್ದಕ್ಕೆ ಸಾಹುಕಾರರು ಗಿರಣಿಯ ಶೇಂಗಾ ಎಣ್ಣೆಯನ್ನೇ ಸುರಿದಿದ್ದರು. ಒಳಗಿನ ರಬ್ಬರ್ ಅದನ್ನು ಕುಡಿದು ಉಬ್ಬಿ ಹರಿದಿತ್ತು.

"ಎಣ್ಣಿ ಯಾವ್ದಾದ್ರೇನಲೇ? ಕುರುಗೋಡಿಗೆ ಡಬ್ಬಿ ಮುಟ್ಟಸು, ದಾರಿ ಸಪಾಟ ಐತಿ," ಎಂದರು ಸಾಹುಕಾರರು.

ನನಗೆ ಸಿಟ್ಟು ನೆತ್ತಿಗೇರಿತು. "ಓಡಸ್ತೀನ್ರಿ. ನೀವು ಗಾಡಿ ಮುಂದ ನಿಂದರ್ರಿ."

ಅವರು ಸಾಮಾನು ತರಲು ಬಳ್ಳಾರಿ ಬಸ್ ಹತ್ತಿದರು. ಅವರು ತಂದ ಹೊಸ ರಬ್ಬರ್ ಕೂಡಿಸಿ, ಪೈಪು ತೊಳೆದು, ಬ್ರೇಕ್ ಎಣ್ಣೆ ತುಂಬಿದೆ. ಆಮೇಲೆ ಸಾಹುಕಾರರನ್ನೇ ಸ್ಟೇರಿಂಗಿಗೆ ಕೂರಿಸಿ, ನನ್ನತ್ತ ಓಡಿಸಿ ಬ್ರೇಕ್ ಒತ್ತಲು ಹೇಳಿ, ಮುಂದೆ ನಾನೇ ಹೋಗಿ ನಿಂತೆ.

ಗಾಡಿಯೂ ನಿಂತಿತು.